ಮೊದಲ ಬಾಗಿಲಲ್ಲೇ ನಿಂತ ಮನೆಗನ್ನಡ

ಮೊಬೈಲಿನಲ್ಲಿ ನಮಗೆ ಏನು ಕಾಣಬೇಕೆಂದು ತೀರ್ಮಾನಿಸುವ ಅಲ್ಗಾರಿದಮ್ ಬಗ್ಗೆ ಕನ್ನಡದಲ್ಲಿ ಈಗ ಬರಹಗಳಿಗೆ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಎರಡೇ ಮಾತು ಹೇಳುತ್ತವೆ: ನಿಮಗೆ ಇಷ್ಟವಾದದ್ದನ್ನೇ ಅದು ತೋರಿಸುತ್ತದೆ, ತೋರಿಸಿ ತೋರಿಸಿ ನಿಮ್ಮ ತಲೆ ಕೆಡಿಸುತ್ತದೆ. ನೀವು ಯಾವ ಭಾಷೆಯವರು ಎಂಬುದು ಆ ಯಂತ್ರಕ್ಕೆ ಗೊತ್ತಿದೆ ಎಂದು ಎರಡೂ ನಂಬಿಕೊಂಡಿವೆ. ಶಿಫಾರಸು ವ್ಯವಸ್ಥೆಗಳ ಕೆಲಸದಲ್ಲಿ ನಾನು ಹನ್ನೆರಡು ವರ್ಷಕ್ಕಿಂತ ಹೆಚ್ಚು ಕಳೆದಿದ್ದೇನೆ. ಹುಟ್ಟಿ ಬೆಳೆದದ್ದು ತಮಿಳುನಾಡಿನ ಮೆಟ್ಟುಪಾಳ್ಯದ ಪಕ್ಕದ ಸಿರುಮುಗೈಯ ನೇಕಾರರ ಮನೆಯಲ್ಲಿ. ಆ ನಂಬಿಕೆ ಎಷ್ಟು ಸಡಿಲ ಎಂಬುದು ನನಗೆ ಮನೆಯಲ್ಲೂ ಕಂಡಿದೆ, ಕಚೇರಿಯಲ್ಲೂ ಕಂಡಿದೆ.

ಮೆಟ್ಟುಪಾಳ್ಯದಿಂದ ಸತ್ಯಮಂಗಲದ ದಾರಿ ಹಿಡಿದರೆ ಭವಾನಿ ನದಿಯ ಮಗ್ಗುಲಲ್ಲೇ ಸಿರುಮುಗೈ. ಸಾಫ್ಟ್ ಸಿಲ್ಕ್ ಸೀರೆಗೆ ಹೆಸರಾದ ಊರು. ಮಗ್ಗದ ಮನೆಗಳಲ್ಲಿ ದೇವಾಂಗರು ಬಹಳ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕಾರಮಡೈ, ಅನ್ನೂರು ಕಡೆಯ ಒಕ್ಕಲಿಗರ ಮನೆಗಳಲ್ಲೂ ಹೀಗೇ. ನೀಲಗಿರಿ ಬೆಟ್ಟ ಹತ್ತಿದರೆ ಬಡಗರು. ಬಡಗ ಬೇರೆಯೇ ಭಾಷೆ ಎನ್ನುವ ವಾದ ಗಟ್ಟಿಯಾಗಿದ್ದರೂ 2011ರ ಜನಗಣತಿ ಅದನ್ನಾಡುವ 1,33,550 ಮಂದಿಯನ್ನು ಕನ್ನಡದ ಲೆಕ್ಕದೊಳಗೇ ಸೇರಿಸಿದೆ. ಅವರೂ ಸೇರಿ ಅದೇ ಗಣತಿಯಲ್ಲಿ ತಮಿಳುನಾಡಿನ ಕನ್ನಡ ತಾಯ್ನುಡಿಯವರು 12 ಲಕ್ಷಕ್ಕೂ ಹೆಚ್ಚು. ನಮ್ಮ ಬೀದಿಯಲ್ಲಿ ಕನ್ನಡ ಅಕ್ಷರ ಬಲ್ಲವರು ತೀರಾ ಕಡಿಮೆ. ನಾನು ಅಕ್ಷರ ಕಲಿತದ್ದೂ ಬೆಂಗಳೂರಿಗೆ ಬಂದ ಮೇಲೆ, ಬಸ್ಸಿನ ಬೋರ್ಡು ಓದುತ್ತ.

ಈ ಕ್ಷೇತ್ರದ ಮೊದಲ ದಿನಗಳನ್ನು ಬೇಗ ಹೇಳಿ ಮುಗಿಸಬಹುದು. 1992ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದವರು ಟ್ಯಾಪೆಸ್ಟ್ರಿ ಎಂಬ ವ್ಯವಸ್ಥೆಯಲ್ಲಿ, ರಾಶಿ ಬೀಳುವ ಮಿಂಚಂಚೆಯನ್ನು ಸೋಸಲು ಇತರ ಓದುಗರ ಅಭಿಪ್ರಾಯವನ್ನೇ ಬಳಸಿದರು. ಕೊಲ್ಯಾಬರೇಟಿವ್ ಫಿಲ್ಟರಿಂಗ್ ಎಂಬ ಹೆಸರು ಬಂದದ್ದು ಅಲ್ಲಿಂದ. 1994ರ ಗ್ರೂಪ್‌ಲೆನ್ಸ್ ಅದನ್ನು ಲೆಕ್ಕಕ್ಕೆ ಇಳಿಸಿತು: ನಿನ್ನ ಹಾಗೆಯೇ ಅಂಕ ಕೊಟ್ಟವರು ಯಾರು, ಅವರು ಇನ್ನೇನು ಮೆಚ್ಚಿದರು? ಅಮೆಜಾನ್ 2003ರಲ್ಲಿ ಪ್ರಕಟಿಸಿದ ಪ್ರಬಂಧ ಜನರ ಬದಲು ಸರಕುಗಳ ನಡುವಿನ ನಂಟು ಹುಡುಕಿತು. 2006ರಿಂದ 2009ರವರೆಗೆ ನಡೆದ ನೆಟ್‌ಫ್ಲಿಕ್ಸ್‌ನ ಹತ್ತು ಲಕ್ಷ ಡಾಲರ್ ಸ್ಪರ್ಧೆಗೆ ಸಿಕ್ಕ ಹೊಗಳಿಕೆ ನನ್ನ ಮಟ್ಟಿಗೆ ಹೆಚ್ಚಾಯಿತು. ಗೆದ್ದ ಸೂತ್ರವನ್ನು ಆ ಕಂಪನಿಯೇ ಪೂರ್ತಿಯಾಗಿ ಬಳಕೆಗೆ ತರಲಿಲ್ಲ.

ಫೇಸ್‌ಬುಕ್‌ನ ನ್ಯೂಸ್ ಫೀಡ್ ಬಂದದ್ದು 2006ರ ಸೆಪ್ಟೆಂಬರಿನಲ್ಲಿ. 2010ರಲ್ಲಿ ಅವರು ಎಡ್ಜ್‌ರ‍್ಯಾಂಕ್ ಸೂತ್ರವನ್ನು ಜನರ ಮುಂದಿಟ್ಟರು. ಬರೆದವರಿಗೂ ನಿಮಗೂ ಇರುವ ಒಡನಾಟ, ಬರೆದದ್ದರ ಬಗೆ, ಅದಕ್ಕೆ ಎಷ್ಟು ಹೊತ್ತಾಯಿತು ಎಂಬ ಮೂರೇ ಅಂಶ. ಮೂರು ವರ್ಷ ಕಳೆಯುವುದರೊಳಗೆ ಆ ಮೂರು ಅಂಶ ಸುಮಾರು ಒಂದು ಲಕ್ಷವಾಗಿದ್ದವು. ಯೂಟ್ಯೂಬ್ 2012ರಲ್ಲಿ ಕ್ಲಿಕ್ಕಿನ ಎಣಿಕೆ ಬಿಟ್ಟು ನೋಡಿದ ಹೊತ್ತನ್ನು ಅಳೆಯತೊಡಗಿತು. ಟ್ವಿಟರ್, ಇನ್‌ಸ್ಟಾಗ್ರಾಮ್ 2016ರಲ್ಲಿ ಕಾಲಕ್ರಮವನ್ನು ಕೈಬಿಟ್ಟವು.

2016ರಲ್ಲೇ ಯೂಟ್ಯೂಬ್‌ನ ಮೂವರು ಎಂಜಿನಿಯರುಗಳಾದ ಕವಿಂಗ್ಟನ್, ಆ್ಯಡಮ್ಸ್ ಮತ್ತು ಸಾರ್ಗಿನ್ ಒಂದು ಪ್ರಬಂಧ ಪ್ರಕಟಿಸಿದರು. ನಮ್ಮ ತಲೆಮಾರಿಗೆ ಅದು ಕೈಪಿಡಿಯಂತೆ ಒದಗಿತು. ಅದರಲ್ಲಿ ಎರಡು ಬಾಗಿಲುಗಳಿವೆ. ಕೋಟಿಗಟ್ಟಲೆ ವಿಡಿಯೊಗಳಿಂದ ಕೆಲವೇ ನೂರನ್ನು ಒಳಗೆ ಬಿಡುವುದು ಮೊದಲನೆಯದು. ಕಚೇರಿಯಲ್ಲಿ ಅದನ್ನು ರಿಟ್ರೀವಲ್ ಎನ್ನುತ್ತೇವೆ. ಒಳಗೆ ಬಂದ ಆ ನೂರಾರನ್ನು ಅಂಕ ಕೊಟ್ಟು ಸಾಲಾಗಿ ನಿಲ್ಲಿಸುವುದು ಎರಡನೆಯದು, ರ‍್ಯಾಂಕಿಂಗ್. ಇಂದು ಹೆಚ್ಚಿನ ದೊಡ್ಡ ಆ್ಯಪ್‌ಗಳು ಈ ಕಟ್ಟಡದಲ್ಲೇ ನಡೆಯುತ್ತವೆ. 2023ರಲ್ಲಿ ಟ್ವಿಟರ್ ತನ್ನ ಕೋಡ್ ಬಿಚ್ಚಿಟ್ಟಾಗ ಅಲ್ಲಿ ಕಂಡದ್ದೂ ಇದೇ: ಮೊದಲು ಸುಮಾರು 1500 ಟ್ವೀಟ್ ಆರಿಸಿ, ಆಮೇಲೆ ಅಂಕ ಕೊಡುವುದು.

ಲೋಕದ ಜಗಳವೆಲ್ಲ ಎರಡನೇ ಬಾಗಿಲಿನದು. ಫೇಸ್‌ಬುಕ್‌ನವರು ಸಿಟ್ಟಿನ ಇಮೋಜಿಗೆ ಲೈಕಿನ ಐದು ಪಟ್ಟು ತೂಕ ಕೊಟ್ಟರು, 2018ರಲ್ಲಿ ಆಪ್ತರ ಮಾತುಕತೆಗೆ ಮಣೆ ಹಾಕಲು ಹೋಗಿ ಜಗಳಕ್ಕೆ ಹಾಕಿದರು ಎಂಬ ಆರೋಪಗಳು ನಿಜವಾದವು, ಮುಖ್ಯವಾದವು. ಆದರೆ ಮೊದಲ ಬಾಗಿಲಲ್ಲಿ ನಿಂತದ್ದಕ್ಕೆ ಯಾರೂ ಅಂಕವನ್ನೇ ಕೊಡುವುದಿಲ್ಲ. ಭಾರತದಲ್ಲಿ ಆ ಬಾಗಿಲ ಕಾವಲಿಗೆ ಭಾಷೆಯನ್ನು ನಿಲ್ಲಿಸಿದವರು ನಾವು.

ಅದು ಹೇಗಾಯಿತೆಂದು ಬಿಡಿಸಿ ಹೇಳಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಇಂಗ್ಲಿಷ್ ಬಾರದ ಕೋಟ್ಯಂತರ ಜನ ಒಮ್ಮೆಲೇ ಆನ್‌ಲೈನಿಗೆ ಬಂದರು. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಶೇರ್‌ಚಾಟ್ ಇಂಗ್ಲಿಷನ್ನೇ ಬಿಟ್ಟು ಭಾರತೀಯ ಭಾಷೆಗಳಲ್ಲಿ ನೆಲೆಯೂರಿತು. ಬೈಟ್‌ಡಾನ್ಸ್‌ನ ಹೆಲೊ ಅದೇ ದಾರಿಯಲ್ಲಿ ಬಂತು. ಆ ವರ್ಷಗಳ ಹುರುಪನ್ನು ನಾನು ಮರೆಯಲಾರೆ. ಕನ್ನಡಕ್ಕೆ ಬೇರೆ ಕೊಠಡಿ, ಒಡಿಯಾಕ್ಕೆ ಬೇರೆ ಕೊಠಡಿ. ಹಿಂದಿಯ ಪ್ರವಾಹದಲ್ಲಿ ಸಣ್ಣ ಭಾಷೆ ಕೊಚ್ಚಿ ಹೋಗದಿರಲು ಕಟ್ಟಿದ ಒಡ್ಡು ಅದು. ಕಟ್ಟಿದ್ದಕ್ಕೆ ಫಲವೂ ಸಿಕ್ಕಿತು. ಹಾವೇರಿಯ ಹುಡುಗಿಯ ಹಾಡು ಕೋಲಾರದ ಮನೆಗೆ ತಲುಪಿತು. ಆ ಪೀಳಿಗೆಯ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ವಿದೇಶದ ಪಠ್ಯಗಳು ಹೊಸಬರ ಸಮಸ್ಯೆಯನ್ನು, ಅಂದರೆ ಯಾವ ಗುರುತೂ ಇಲ್ಲದ ಬಳಕೆದಾರರಿಗೆ ಏನು ತೋರಿಸಬೇಕೆಂಬುದನ್ನು, ಗಣಿತವಾಗಿ ನೋಡಿದವು. ನಾವು ಅದನ್ನು ಒಂದು ಪ್ರಶ್ನೆಯಿಂದ ಬಿಡಿಸಿದೆವು. ಆ್ಯಪ್ ತೆರೆದ ಕೂಡಲೇ ಕೇಳುತ್ತಿದ್ದೆವು: ನಿಮ್ಮ ಭಾಷೆ ಆರಿಸಿ.

ಆ ಪ್ರಶ್ನೆಯ ಮುಂದೆ ನನ್ನ ಅತ್ತೆ ತಡವರಿಸಿದ್ದನ್ನು ಕಣ್ಣಾರೆ ಕಂಡೆ. ಕನ್ನಡ ಎಂದು ಒತ್ತಿದರೆ ಓದಲಾಗದ ಅಕ್ಷರ. ತಮಿಳು ಎಂದು ಒತ್ತಿದರೆ ಮನೆಮಾತು ಎಂದೂ ಬಾರದ ಕೊಠಡಿ. ಅವಳು ತಮಿಳು ಒತ್ತಿದಳು. ಆ ಗಳಿಗೆಗೆ ಅವಳಾಡುವ ಕನ್ನಡ ವ್ಯವಸ್ಥೆಯ ಲೆಕ್ಕದಿಂದ ಹೋಯಿತು. ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಇದನ್ನು ಎತ್ತಿದೆ. ಅಂಥವರು ಎಷ್ಟು ಜನ ಎಂದು ಕೇಳಿದರು. ಎಣಿಸಲು ಕಾಲಂ ಇರಲಿಲ್ಲ, ಏಕೆಂದರೆ ಒಬ್ಬರಿಗೆ ಒಂದೇ ಭಾಷೆ ಎಂದು ನಾವೇ ಬರೆದಿದ್ದೆವು. ಆ ಸಾಲು ಬರೆದವರಲ್ಲಿ ನಾನೂ ಒಬ್ಬ.

2020ರ ಜೂನ್ 29ರಂದು ಭಾರತದಲ್ಲಿ ಟಿಕ್‌ಟಾಕ್, ಹೆಲೊ ಸೇರಿ 59 ಆ್ಯಪ್‌ಗಳಿಗೆ ನಿಷೇಧ ಬಿತ್ತು. ಅವುಗಳ ಜಾಗಕ್ಕೆ ಬೆನ್ನಿಗೇ ಮೋಜ್ ಬಂತು, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್. ಕಿರುವಿಡಿಯೊದಲ್ಲಿ ಅಕ್ಷರದ ಹಂಗಿಲ್ಲ, ಇನ್ನು ಮನೆಗನ್ನಡಕ್ಕೆ ದಾರಿಯಾಯಿತು ಎಂದುಕೊಂಡೆ. ಆಗಲಿಲ್ಲ. ಹೊಸ ವಿಡಿಯೊವನ್ನು ಮೊದಲು ಒಂದು ಸಣ್ಣ ಗುಂಪಿಗೆ ತೋರಿಸಿ, ಕೊನೆತನಕ ನೋಡಿದರೆ ಮಾತ್ರ ಮುಂದಕ್ಕೆ ತಳ್ಳುತ್ತಾರೆ. ಆ ಸಣ್ಣ ಗುಂಪಿನ ಆಯ್ಕೆಯಲ್ಲಿ ಭಾಷೆಗೂ ಸ್ಥಳಕ್ಕೂ ದೊಡ್ಡ ಪಾಲು. ಮೆಟ್ಟುಪಾಳ್ಯದಿಂದ ಕನ್ನಡದಲ್ಲಿ ಮಾತಾಡಿದರೆ ಮೊದಲು ನೋಡುವುದು ಕೊಯಮತ್ತೂರಿನ ತಮಿಳರು. ಅರ್ಥವಾಗದೆ ಮೂರೇ ಸೆಕೆಂಡಿಗೆ ಸರಿಸುತ್ತಾರೆ. ವಿಡಿಯೊ ಅಲ್ಲಿಗೇ ನಿಲ್ಲುತ್ತದೆ. ಸಿರುಮುಗೈಯ ಹುಡುಗರು ಇದನ್ನು ಬೇಗ ಅರಿತರು. ಸೀರೆ ಮಾರುವ ಲೈವ್‌ನಲ್ಲಿ ಅವರು ಆಡುವುದು ತಮಿಳು. ಕ್ಯಾಮೆರಾ ಆರಿದ ಮೇಲೆ ಅಮ್ಮನೊಡನೆ ಕನ್ನಡ.

ಸಂಶೋಧನೆ ಈ ಕೊರತೆಯ ಹತ್ತಿರಕ್ಕೆ ಬಂದು ಹೊರಳಿಕೊಂಡಿದೆ. 2020ರಲ್ಲಿ ಆದೀಪ್ ಹಂಡೆ, ಭಾರತಿ ರಾಜ ಚಕ್ರವರ್ತಿ ಮತ್ತಿತರರು ಯೂಟ್ಯೂಬಿನ ಇಂಗ್ಲಿಷ್ ಬೆರೆತ 7,671 ಕನ್ನಡ ಕಾಮೆಂಟುಗಳನ್ನು ಕಲೆಹಾಕಿದರು. ಬೆರಕೆ ಮಾತನ್ನು ಮಾತೆಂದೇ ಗೌರವಿಸಿದ ಕೆಲಸವದು, ನನ್ನ ಮೆಚ್ಚುಗೆ ಅದಕ್ಕಿದೆ. ಅದರ ಗುಂಪುಗಳಲ್ಲಿ ಕನ್ನಡವಲ್ಲದ್ದು ಎಂಬುದೂ ಒಂದು. ತಮಿಳು ಲಿಪಿಯಲ್ಲಿ ಬರೆದ ಮನೆಗನ್ನಡ ಎದುರಾದರೆ ಅದನ್ನು ಎಲ್ಲಿಡುತ್ತಾರೆಂದು ಆಗಾಗ ಯೋಚಿಸುತ್ತೇನೆ. 2023ರಲ್ಲಿ ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಭಾಷೆ ಗುರುತಿಸುವ ಮಾದರಿಯೊಂದನ್ನು ಕೊಟ್ಟಿತು. ಅದು ಭಾರತೀಯ ಭಾಷೆಗಳನ್ನು ಅವುಗಳ ಸ್ವಂತ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಹಿಡಿಯುತ್ತದೆ. ನೆರೆಯ ಭಾಷೆಯ ಲಿಪಿ ಮಾತ್ರ ಉಳಿಯಿತು. ಅದು ಸುಲಭದ ಕೆಲಸವೂ ಅಲ್ಲ. ತಮಿಳಿನಲ್ಲಿ ಕ-ಗ, ತ-ದ, ಪ-ಬಗಳಿಗೆ ಒಂದೊಂದೇ ಅಕ್ಷರ. ನನ್ನ ಅತ್ತೆ ವಾಟ್ಸ್ಆ್ಯಪ್‌ನಲ್ಲಿ 'ಬಾಗಿಲು' ಎಂದು ಬರೆದರೆ ಯಂತ್ರ ಓದುವುದು 'ಪಾಕಿಲು'.

ಅಕ್ಷರ ಬಿಟ್ಟು ಚಿತ್ರವನ್ನೇ ನಂಬಿದರೂ ಅಪಾಯವಿದೆ. ಚೌಡೇಶ್ವರಿ ಹಬ್ಬದಲ್ಲಿ ದೇವಾಂಗ ಯುವಕರು ಮೈಮೇಲೆ ಕತ್ತಿ ಹಾಕಿಕೊಂಡು ತಾಯಿಯನ್ನು ಕರೆಯುತ್ತಾರೆ. ಹಿಂಸೆ ಪತ್ತೆಹಚ್ಚುವ ಮಾದರಿಗೆ ಅಲ್ಲಿ ಕಾಣುವುದು ಕತ್ತಿ, ರಕ್ತ, ಗುಂಪು. ಅದು ಹರಕೆ ಎಂದು ಹೇಳುವುದು ಕೂಗುವ ಮಾತೊಂದೇ. ಆ ಮಾತು ತಿಳಿಯದ ಮಾದರಿ ವಿಡಿಯೊವನ್ನು ಕೆಳಕ್ಕೆ ತಳ್ಳುವುದು ಸಹಜ. 2021ರಲ್ಲಿ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ ಹೊರತಂದ ದಾಖಲೆಗಳಲ್ಲಿ, ಸುಳ್ಳುಸುದ್ದಿ ವರ್ಗೀಕರಿಸಲು ಫೇಸ್‌ಬುಕ್ ಮೀಸಲಿಟ್ಟ ಹೊತ್ತಿನ ಬಜೆಟ್ಟಿನಲ್ಲಿ ಶೇ. 87 ಅಮೆರಿಕಕ್ಕೇ ಹೋದದ್ದು ಬಯಲಾಯಿತು. ಹಿಂದಿ, ಬಂಗಾಳಿಗೇ ಕೈ ಬಿಗಿಹಿಡಿದಿದ್ದವರು ಸಿರುಮುಗೈಯ ಕನ್ನಡಕ್ಕೆ ಏನು ಕೊಟ್ಟಾರು?

ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ 2022ರಲ್ಲಿ ತೊಡಗಿದ ವಾಣಿ ಯೋಜನೆಯ ಮೇಲೆ ನನಗೆ ಭರವಸೆ ಇದೆ. ಅದು ಮಾತನ್ನು ಭಾಷಾವಾರು ಸಂಗ್ರಹಿಸದೆ ಜಿಲ್ಲಾವಾರು ಸಂಗ್ರಹಿಸುತ್ತದೆ. ಜಿಲ್ಲೆಯ ಜನ ಏನು ಆಡುತ್ತಾರೋ ಅದು ದಾಖಲಾಗಬೇಕು ಎಂಬ ನಿಲುವು ಅದರದು. ಕೊಯಮತ್ತೂರು ಜಿಲ್ಲೆಗೆ ಮೈಕು ಹಿಡಿದು ಹೋದವರು ಮಗ್ಗದ ಬೀದಿಗೂ ಬರಬೇಕು.

ನನ್ನ ಒಲವು ಮಾತ್ರ ಇವತ್ತಿಗೂ 1994ರ ಹಳೆಯ ಉಪಾಯದ ಕಡೆಗೇ. ನಿನ್ನ ಹಾಗೆ ನೋಡಿದವರು ಇನ್ನೇನು ನೋಡಿದರು ಎಂದು ಕೇಳುವ ಲೆಕ್ಕಕ್ಕೆ ಭಾಷೆಯ ಹೆಸರೇ ಬೇಕಿಲ್ಲ. ಭಾಷೆಯ ಕಾವಲನ್ನು ಮೊದಲ ಬಾಗಿಲಿಂದ ಎಬ್ಬಿಸಿ ಎರಡನೆಯದಕ್ಕೆ ಕಳಿಸಿ, ಅಲ್ಲಿ ಅದು ನೂರರಲ್ಲಿ ಒಂದು ಅಂಶವಾಗಿ ಇರಲಿ ಎಂದು ನಾನು ವಾದಿಸುತ್ತ ಬಂದಿದ್ದೇನೆ. ಹಿಂದಿಯ ಪ್ರವಾಹದ ಭಯ ಇರುವವರು ಒಪ್ಪುವುದಿಲ್ಲ. ಅವರ ಭಯ ಸುಳ್ಳಲ್ಲ.

ಕಳೆದ ಸಲ ಊರಿಗೆ ಹೋದಾಗ ಅತ್ತೆ ತನ್ನ ಫೋನ್ ತೋರಿಸಿದಳು. ಮಗ್ಗದ ಸದ್ದಿನಲ್ಲಿ ಕೇಳುವುದಿಲ್ಲವೆಂದು ಅವಳು ವಿಡಿಯೊಗಳನ್ನು ಸದ್ದಿಲ್ಲದೆ ನೋಡುತ್ತಾಳೆ. ಅದರಲ್ಲೂ ನೇಯ್ಗೆಯವನ್ನು, ಕೊನೆತನಕ. ಹಾಗೆ ನೋಡುತ್ತ ನೋಡುತ್ತ ಯಾವುದೋ ಲೆಕ್ಕ ಅವಳನ್ನು ದೂರದ ನೇಕಾರರ ಸಾಲಿಗೆ ಸೇರಿಸಿತ್ತು. ಪರದೆಯ ಮೇಲೆ ಇಳಕಲ್ಲಿನ ಹೆಂಗಸೊಬ್ಬಳು ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕುಣಿಕೆ ಹಾಕಿ ಸೇರಿಸುತ್ತಿದ್ದಳು. ನಾನು ಸದ್ದು ಏರಿಸಿದೆ. ಆ ಹೆಂಗಸು 'ಮಗ್ಗ' ಎಂದಳು. ಅತ್ತೆ ಲಾಳಿ ನಿಲ್ಲಿಸಿ, ಫೋನನ್ನು ನನ್ನ ಕೈಯಿಂದ ತಗೊಂಡು, ವಿಡಿಯೊವನ್ನು ಮೊದಲಿಂದ ಹಾಕಿದಳು.