ಪದವಿಯ ಬೆಲೆ, ಸಾಲದ ಚರಿತ್ರೆ



ನಮ್ಮ ಸಮ್ಮೇಳನಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ತಂದೆತಾಯಂದಿರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಮಗಳಿಗೆ ಕಂಪ್ಯೂಟರ್ ಎಂಜಿನಿಯರಿಂಗ್ ಟೆಕ್ನಾಲಜಿಯಲ್ಲಿ ಸೀಟು ಸಿಕ್ಕಿದೆ ಸಾರ್. ಸಾಲ ಮಾಡಿ ಓದಿಸಬಹುದಾ? ಆಮೇಲೆ ಸಂಬಳ ಬರುತ್ತಾ?" ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಆ ಪದವಿಯ ಕೊನೆಗೆ 'ಟೆಕ್ನಾಲಜಿ' ಎಂಬ ಮಾತು ಹೇಗೆ ಬಂತು, ಈ ದೇಶದಲ್ಲಿ ವಿದ್ಯಾರ್ಥಿ ಸಾಲ ಈಗಿನ ರೂಪಕ್ಕೆ ಹೇಗೆ ಬಂತು ಎಂಬ ಎರಡು ಕಥೆ ತಿಳಿದರೆ ಉತ್ತರ ನಮಗೇ ಹೊಳೆಯುತ್ತದೆ.

ಮೊದಲು ಪದವಿಯ ಕಥೆ. ಎರಡನೇ ಮಹಾಯುದ್ಧದಲ್ಲಿ ರೇಡಾರ್, ಅಣುಶಕ್ತಿಯಂಥ ದೊಡ್ಡ ಕೆಲಸಗಳಲ್ಲಿ ಭೌತವಿಜ್ಞಾನಿಗಳು ಮುಂದೆ ನಿಂತರು. ಎಂಜಿನಿಯರುಗಳಿಗೆ ಮೂಲವಿಜ್ಞಾನ ಸಾಲದು ಎಂಬ ಭಾವನೆ ಬಲವಾಯಿತು. 1955ರಲ್ಲಿ ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣ ಸಂಘಕ್ಕೆ ಗ್ರಿಂಟರ್ ಸಮಿತಿ ವರದಿ ಕೊಟ್ಟಿತು. ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ವಿಜ್ಞಾನಗಳಿಗೆ ಹೆಚ್ಚು ಜಾಗ ಕೊಡಿ ಎಂಬುದು ಅದರ ಸಾರ. ಕಾಲೇಜುಗಳು ಆ ದಾರಿ ಹಿಡಿದವು. ವರ್ಕ್‌ಶಾಪು, ಡ್ರಾಯಿಂಗು ಹಿಂದಕ್ಕೆ ಸರಿದವು. ಆದರೆ ಯಂತ್ರ ಜೋಡಿಸುವವರು, ಪರೀಕ್ಷಿಸುವವರು, ನಡೆಸುವವರು ಕಾರ್ಖಾನೆಗಳಿಗೆ ಬೇಕೇ ಇತ್ತು. ಎರಡು ವರ್ಷದ ತಾಂತ್ರಿಕ ಕೋರ್ಸುಗಳು ಬೆಳೆದು 1960ರ ದಶಕದಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗ್ ಟೆಕ್ನಾಲಜಿ ಪದವಿಗಳಾದವು. ಇಂದಿಗೂ ಮಾನ್ಯತೆ ಕೊಡುವ ಎಬೆಟ್ ಸಂಸ್ಥೆಯಲ್ಲಿ ಎಂಜಿನಿಯರಿಂಗಿಗೆ ಒಂದು ಆಯೋಗ, ಟೆಕ್ನಾಲಜಿಗೆ ಇನ್ನೊಂದು ಆಯೋಗ.

ನಮ್ಮವರಿಗೆ ಇದನ್ನು ಕೇಳಿದ ಕೂಡಲೇ ಡಿಪ್ಲೊಮಾ ಮತ್ತು ಬಿ.ಇ. ನೆನಪಾಗುತ್ತದೆ. ಹೋಲಿಕೆ ಅರ್ಧ ಮಾತ್ರ ಸರಿ. ಕರ್ನಾಟಕದಲ್ಲಿ ಡಿಪ್ಲೊಮಾ ಮುಗಿಸಿದವರು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಇಲ್ಲಿನ ಟೆಕ್ನಾಲಜಿ ಪದವಿ ಪೂರ್ಣ ನಾಲ್ಕು ವರ್ಷದ್ದು. ಆದರೆ ಗಣಿತದ ಕೋರ್ಸುಗಳು ಬೇರೆ ಮಟ್ಟದವಾಗಿದ್ದರೆ, ನಡುವೆ ಎಂಜಿನಿಯರಿಂಗಿಗೆ ಹಾರುವಾಗ ಎಲ್ಲ ಕ್ರೆಡಿಟ್ಟೂ ಜೊತೆಗೆ ಬರುವುದಿಲ್ಲ. ಎಂಜಿನಿಯರ್ ಲೈಸೆನ್ಸ್ ಕೊಡುವಾಗ ಹಲವು ರಾಜ್ಯಗಳು ಟೆಕ್ನಾಲಜಿ ಪದವೀಧರರಿಂದ ಹೆಚ್ಚು ವರ್ಷಗಳ ಅನುಭವ ಕೇಳುತ್ತವೆ. ಸಾಫ್ಟ್‌ವೇರ್ ಕೆಲಸದಲ್ಲಿ ಈ ಲೈಸೆನ್ಸನ್ನು ಕೇಳುವವರು ಕಡಿಮೆ. ಆದ್ದರಿಂದ ಟೆಕ್ನಾಲಜಿ ಎಂದರೆ ಕೀಳು ಎಂದು ಮೂಗು ಮುರಿಯುವುದೂ ತಪ್ಪು, ಎರಡೂ ಒಂದೇ ಎಂದು ಕಣ್ಣು ಮುಚ್ಚಿ ಸಹಿ ಹಾಕುವುದೂ ತಪ್ಪು.

ಇನ್ನು ಸಾಲದ ಕಥೆ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಹನ್ನೊಂದು ತಿಂಗಳಲ್ಲಿ, 1958ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷ ಐಸೆನ್‌ಹೋವರ್ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ವಿದ್ಯಾರ್ಥಿಗೆ ವರ್ಷಕ್ಕೆ 1,000 ಡಾಲರ್, ಒಟ್ಟು 5,000 ಡಾಲರ್‌ವರೆಗೆ ಸಾಲ. ಬಡ್ಡಿ ಶೇ. 3. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದರೆ ಅರ್ಧದವರೆಗೆ ಮನ್ನಾ. ದೇಶಕ್ಕೆ ಎಂಜಿನಿಯರುಗಳು, ವಿಜ್ಞಾನಿಗಳು ಬೇಕಿತ್ತು; ಹಾಗಾಗಿ ನಷ್ಟದ ಭಯದಲ್ಲಿ ದೇಶವೂ ಪಾಲು ತೆಗೆದುಕೊಂಡಿತು.

1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ತಾವು ಓದಿದ ಟೆಕ್ಸಾಸ್ ಕಾಲೇಜಿಗೇ ಹೋಗಿ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಬ್ಯಾಂಕುಗಳು ಸಾಲ ಕೊಡುವುದು, ಸರ್ಕಾರ ಜಾಮೀನು ನಿಲ್ಲುವುದು ಎಂಬ ಏರ್ಪಾಡು ಬಂತು. 1972ರಲ್ಲಿ ಸ್ಯಾಲಿ ಮೇ ಹುಟ್ಟಿತು. 1980ರಲ್ಲಿ ತಂದೆತಾಯಿಯ ಹೆಸರಿನಲ್ಲಿ ಪಡೆಯುವ ಪ್ಲಸ್ ಸಾಲ ಬಂತು. ಸಾಲ ಸಿಗುವ ಬಾಗಿಲು ಹೀಗೆ ಅಗಲವಾಗುತ್ತಿರುವಾಗ ಸಾಲದಿಂದ ಹೊರಬರುವ ಬಾಗಿಲು ಕಿರಿದಾಗುತ್ತಾ ಬಂತು. 1976ರ ಕಾನೂನು, ಕಂತು ಶುರುವಾಗಿ ಐದು ವರ್ಷ ದಿವಾಳಿ ಅರ್ಜಿಯಿಂದ ಈ ಸಾಲ ಹೋಗದು ಎಂದಿತು. 1990ರಲ್ಲಿ ಅದು ಏಳು ವರ್ಷವಾಯಿತು. 1998ರಲ್ಲಿ ವರ್ಷಗಳ ಲೆಕ್ಕವನ್ನೇ ತೆಗೆದು, ವಿಪರೀತ ಕಷ್ಟವನ್ನು ಕೋರ್ಟಿನಲ್ಲಿ ಸಾಬೀತು ಮಾಡಿದರೆ ಮಾತ್ರ ಬಿಡುಗಡೆ ಎಂದಾಯಿತು. 2005ರಲ್ಲಿ ಖಾಸಗಿ ವಿದ್ಯಾರ್ಥಿ ಸಾಲಗಳಿಗೂ ಇದೇ ನಿಯಮ ಬಂತು.

ಇಲ್ಲೊಂದು ಕ್ಷಣ ನಮ್ಮ ಊರಿನ ಕಡೆ ತಿರುಗೋಣ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಮೈಸೂರು ಸಂಸ್ಥಾನದ ಖರ್ಚಿನಲ್ಲಿ ಶುರುವಾಯಿತು. ಆ ಪರಂಪರೆಯ ಸರ್ಕಾರಿ, ಅನುದಾನಿತ ಕಾಲೇಜುಗಳಲ್ಲಿ ಓದಿದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ನಮ್ಮ ಫೀಸು ಕಡಿಮೆ ಇದ್ದದ್ದು ಓದು ಅಗ್ಗವಾಗಿತ್ತೆಂದಲ್ಲ. ಉಳಿದದ್ದನ್ನು ತೆರಿಗೆ ಕಟ್ಟಿದವರು ಭರಿಸಿದರು. ಫೀಸು ಹೆಚ್ಚಿದ್ದ ಕಡೆ ಅಪ್ಪ ಜಮೀನು ಅಡ ಇಟ್ಟರು, ಅಮ್ಮ ಬಳೆ ಅಡ ಇಟ್ಟರು. "ಮೊದಲು ಓದು, ದುಡ್ಡಿನ ಮಾತು ಆಮೇಲೆ" ಎಂಬ ಹಿರಿಯರ ಬುದ್ಧಿವಾದ ಆ ನೆಲದಲ್ಲಿ ಹುಟ್ಟಿದ್ದು. ಅಲ್ಲಿ ಅಡ ಇಟ್ಟದ್ದು ಮನೆಯವರು ಹಿಂದೆ ಸಂಪಾದಿಸಿದ್ದನ್ನು. ಇಲ್ಲಿ ಅಡ ಇಡುವುದು ಹದಿನೆಂಟು ವರ್ಷದ ಮಗುವಿನ ಮುಂದಿನ ದುಡಿಮೆಯನ್ನು. ಅದೇ ಬುದ್ಧಿವಾದವನ್ನು ಇಲ್ಲಿ ಹಾಗೇ ಹೇಳಿದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ದುಡ್ಡಿನ ಮಾತು ಮೊದಲೇ ಆಗಬೇಕು.

ಹಾಗಾದರೆ ತೂಗುವುದು ಹೇಗೆ? ತಂದೆತಾಯಿಯ ಆಸರೆಯಲ್ಲಿರುವ ವಿದ್ಯಾರ್ಥಿಗೆ ಪದವಿ ಮುಗಿಯುವವರೆಗೆ ತನ್ನ ಹೆಸರಿನಲ್ಲಿ ಸಿಗುವ ಕೇಂದ್ರ ಸರ್ಕಾರದ ಸಾಲದ ಮಿತಿ 31,000 ಡಾಲರ್. 2025-26ರ ಬಡ್ಡಿ ಶೇ. 6.39. ಓದುವಾಗ ಬೆಳೆಯುವ ಬಡ್ಡಿಯನ್ನು ಬಿಟ್ಟು, 10 ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 350 ಡಾಲರ್. ಕೆಲಸ ಸಿಕ್ಕಿದ ಟೆಕ್ನಾಲಜಿ ಪದವೀಧರನಿಗೆ ಇದು ಹೊರಲಾಗದ ಹೊರೆಯಲ್ಲ. ಅದರ ಮೇಲೆ ತಂದೆತಾಯಿ 65,000 ಡಾಲರ್ ಪ್ಲಸ್ ಸಾಲ ಮಾಡಿದರೆ, ಶೇ. 8.94ರ ಬಡ್ಡಿಯಲ್ಲಿ ಇನ್ನೂ ಸುಮಾರು 820 ಡಾಲರ್. ಎರಡೂ ಸೇರಿ ತಿಂಗಳಿಗೆ 1,170. 2026ರ ಜುಲೈ 1ರಿಂದ ಹೊಸದಾಗಿ ಪ್ಲಸ್ ಸಾಲ ಪಡೆಯುವವರಿಗೆ ಒಂದು ಮಗುವಿಗೆ ಈ 65,000ವೇ ಮಿತಿ. ಮಿತಿ ಇದೆ ಎಂದ ಮಾತ್ರಕ್ಕೆ ಅಷ್ಟನ್ನೂ ತೆಗೆದುಕೊಳ್ಳಬೇಕೆಂದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಡಾಲರಿಗೂ ಸಲ್ಲುವ ಮಾತು.

ತಕ್ಕಡಿಯ ಇನ್ನೊಂದು ತಟ್ಟೆ ಸಂಬಳದ್ದು. ಕಾರ್ಮಿಕ ಇಲಾಖೆಯ 2023ರ ಅಂಕಿಯಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಎಂಜಿನಿಯರುಗಳ ನಡುಮಟ್ಟದ ಸಂಬಳ ವರ್ಷಕ್ಕೆ ಸುಮಾರು 1 ಲಕ್ಷ 38 ಸಾವಿರ ಡಾಲರ್. ಎಲೆಕ್ಟ್ರಾನಿಕ್ಸ್ ಟೆಕ್ನಾಲಜಿಸ್ಟ್ ಮತ್ತು ಟೆಕ್ನಿಷಿಯನ್‌ಗಳದ್ದು 70 ಸಾವಿರದ ಆಸುಪಾಸು. ಎರಡೂ ಎಲ್ಲ ವಯಸ್ಸಿನವರ ಲೆಕ್ಕ, ಮೊದಲ ವರ್ಷದ್ದಲ್ಲ. ಎರಡನೆಯದರಲ್ಲಿ ಎರಡು ವರ್ಷದ ಕೋರ್ಸಿನವರೂ ಸೇರಿದ್ದಾರೆ. ಮೊದಲನೆಯ ಅಂಕಿ ತೋರಿಸಿ ಎರಡನೆಯ ದಾರಿಗೆ ಸಾಲ ಮಾಡಬೇಡಿ. 2015ರಲ್ಲಿ ಶುರುವಾದ ಕಾಲೇಜ್ ಸ್ಕೋರ್‌ಕಾರ್ಡ್ 2019ರಿಂದ ಒಂದೊಂದು ಕೋರ್ಸಿನ ಗಳಿಕೆಯನ್ನೂ ಸಾಲವನ್ನೂ ತೋರಿಸುತ್ತಿದೆ. ಸರ್ಕಾರಿ ವರ್ಗೀಕರಣದಲ್ಲಿ ಎಂಜಿನಿಯರಿಂಗ್ ಪದವಿಗಳ ಸಂಖ್ಯೆ 14ರಿಂದ, ಟೆಕ್ನಾಲಜಿಯದ್ದು 15ರಿಂದ ಶುರುವಾಗುತ್ತದೆ. ಕಾಲೇಜಿನ ಹೆಸರಿಗೆ ಮರುಳಾಗದೆ, ನಿಮ್ಮ ಮಗು ಸೇರುವ ಕೋರ್ಸಿನ ಸಾಲನ್ನೇ ಓದಿ. ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ದಾಟಬಾರದು ಎಂಬ ರೂಢಿಯ ಸೂತ್ರ ಈ ಅಂಕಿಯ ಜೊತೆ ಇಟ್ಟಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಇನ್ನೆರಡು ಮಾತು. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಆರಂಭಿಸಿದ ಕೋ-ಆಪ್ ಪದ್ಧತಿ, ಒಂದಷ್ಟು ಕಾಲ ತರಗತಿ, ಒಂದಷ್ಟು ಕಾಲ ಸಂಬಳದ ಕೆಲಸ ಎಂಬುದು, ಈಗ ಹಲವು ಕಡೆ ಇದೆ. ಟೆಕ್ನಾಲಜಿ ಪದವಿಗೆ ಅದು ಹೇಳಿ ಮಾಡಿಸಿದಂತಿದೆ. ಸಾಲವೂ ಇಳಿಯುತ್ತದೆ, ಅನುಭವವೂ ಸಿಗುತ್ತದೆ. ಎರಡನೆಯದು, ಎಚ್-4 ವೀಸಾದ ಮಕ್ಕಳಿಗೆ ಕೇಂದ್ರದ ಸಾಲ ಸಿಗುವುದಿಲ್ಲ. ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಕುಟುಂಬಗಳಿಗೆ ಉಳಿಯುವುದು ಉಳಿತಾಯ ಅಥವಾ ಖಾಸಗಿ ಸಾಲ. ಅಂಥವರು ಈ ಲೆಕ್ಕವನ್ನು ಹನ್ನೆರಡನೇ ತರಗತಿಯಲ್ಲಲ್ಲ, ಒಂಬತ್ತರಲ್ಲೇ ಹಾಕಬೇಕು.

ಕಡಿಮೆ ಸಾಲದಲ್ಲಿ ಮುಗಿಸಿದ ಟೆಕ್ನಾಲಜಿ ಪದವಿ, ಭಾರೀ ಸಾಲದಲ್ಲಿ ಅರ್ಧಕ್ಕೆ ನಿಂತ ಎಂಜಿನಿಯರಿಂಗಿಗಿಂತ ಎಷ್ಟೋ ಮೇಲು. 1958ರಲ್ಲಿ ದೇಶ ಹೊತ್ತಿದ್ದ ಭಾರದ ಬಹುಪಾಲು ಇಂದು ಮಕ್ಕಳ ಹೆಗಲಿಗೆ ಬಂದಿದೆ. ಅದನ್ನು ಅವರ ಜೊತೆ ಕೂತು, ಕಾಗದದ ಮೇಲೆ ಬರೆದು, ಸಹಿಗೆ ಮೊದಲೇ ತೂಗಿ ನೋಡೋಣ.