ಬ್ಯಾಟರಿ ಬರಿದು ಮಾಡುವ ಹಳೆಯ ರೂಢಿ

ಮೊಬೈಲಿನ ಬ್ಯಾಟರಿ ಪೂರ್ತಿ ಇಳಿದ ಮೇಲೆಯೇ ಚಾರ್ಜಿಗೆ ಹಾಕಬೇಕೆಂಬ ಮಾತು ಮೂಢನಂಬಿಕೆಯಲ್ಲ, ಕಾಲ ಮೀರಿದ ತಿಳಿವಳಿಕೆ. ಅದರ ಬೇರು ಇರುವುದು 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲಿ. ಇಟ್ಟಿಗೆಯಂತಿದ್ದ ಮೊದಮೊದಲ ಕೈಫೋನುಗಳು ಇದನ್ನೇ ನಂಬಿಕೊಂಡಿದ್ದವು. ಅರ್ಧ ಬಳಸಿ ಮತ್ತೆ ಮತ್ತೆ ತುಂಬಿದರೆ ಅದರ ವೋಲ್ಟೇಜ್ ಬೇಗ ಕುಸಿಯಬಹುದಿತ್ತು. ಆಗಾಗ ಪೂರ್ತಿ ಬರಿದು ಮಾಡುವುದೇ ಅದಕ್ಕೆ ಮದ್ದು. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಒಳಗಿನ ರಸಾಯನ ಬದಲಾಯಿತು, ಹೊರಗಿನ ರೂಢಿ ಬದಲಾಗಲಿಲ್ಲ.

ಹೊಸ ಬ್ಯಾಟರಿಯ ಶತ್ರುಗಳೇ ಬೇರೆ: ಬಿಸಿ, ತೀರಾ ಬರಿದಾಗುವುದು, ನೂರರ ತುದಿಯಲ್ಲೇ ಗಂಟೆಗಟ್ಟಲೆ ನಿಲ್ಲುವುದು. ಅಂದರೆ ಹಿಂದೆ ಮದ್ದಾಗಿದ್ದದ್ದೇ ಈಗ ಸವೆತಕ್ಕೆ ದಾರಿ. ಸೊನ್ನೆಗೆ ಇಳಿಸಿ ತುಂಬಿದರೆ ಶೇಕಡಾ ಲೆಕ್ಕ ಸರಿಹೋಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಸರಿಹೋಗಬಹುದು, ಆದರೆ ಸರಿಹೋಗುವುದು ಪರದೆಯ ಮೇಲಿನ ಅಂಕಿ, ಬ್ಯಾಟರಿಯ ಆಯುಸ್ಸಲ್ಲ. ವರ್ಷಗಟ್ಟಲೆ ಹೀಗೇ ಮಾಡಿದರೂ ಫೋನು ಕೆಟ್ಟಿಲ್ಲ ಎನ್ನುವವರಿಗೂ ಉತ್ತರವಿದೆ: ಸೊನ್ನೆ ಎಂದು ತೋರಿಸಿ ಫೋನು ಆರಿಹೋದಾಗಲೂ ಒಳಗೆ ತುಸು ಶಕ್ತಿ ಉಳಿದಿರುತ್ತದೆ, ರಕ್ಷಣಾ ಸರ್ಕಿಟ್ಟು ಅದನ್ನು ಕಾಪಾಡುತ್ತದೆ. ಈಗಂತೂ ಹಲವು ಫೋನುಗಳಲ್ಲಿ ಶೇಕಡಾ 80ಕ್ಕೇ ಚಾರ್ಜ್ ನಿಲ್ಲಿಸುವ ಆಯ್ಕೆಯನ್ನು ತಯಾರಕರೇ ಕೊಟ್ಟಿದ್ದಾರೆ.