ಜೇಜುರಿಯ ಖಂಡೆ, ಕೊಡಗಿನ ಕೋವಿ

ಪುಣೆ ಜಿಲ್ಲೆಯ ಜೇಜುರಿಯ ಖಂಡೋಬ ನಮ್ಮವರ ಪಾಲಿಗೆ ಮೈಲಾರಲಿಂಗ. ದಸರೆಗೆ ಅಲ್ಲಿ ಸುಮಾರು 42 ಕಿಲೋ ತೂಕದ ಖಂಡೆ ಎತ್ತುವ ಸ್ಪರ್ಧೆ ನಡೆಯುತ್ತದೆ. ಪೂಜೆಯ ಆಯುಧವನ್ನೇ ಪಂದ್ಯಕ್ಕೂ ಹಿಡಿಯುವ ಇಂಥದೇ ಪದ್ಧತಿ ಕೊಡಗಿನಲ್ಲೂ ಇದೆ. ಅಲ್ಲಿ ಖಂಡೆಯ ಬದಲು ಕೋವಿ.

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಹೂವಿಟ್ಟು ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಯಾವ ಕೋವಿ ಮೇಲು ಎಂಬ ಚರ್ಚೆ ಹೆಚ್ಚಾಗಿ .22 ಮತ್ತು 12 ಬೋರ್ ನಡುವೆಯೇ.

.22 ಎಂದರೆ ನಳಿಗೆಯ ಒಳವ್ಯಾಸ ಅಂಗುಲದ ನೂರು ಪಾಲಿನಲ್ಲಿ 22, ಸುಮಾರು 5.6 ಮಿಲಿಮೀಟರ್. 12 ಬೋರ್ ಲೆಕ್ಕವೇ ಬೇರೆ. ಒಂದು ಪೌಂಡ್ ಸೀಸದಲ್ಲಿ 12 ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ನಳಿಗೆ ಅಷ್ಟು ಅಗಲ, ಸುಮಾರು 18.5 ಮಿಲಿಮೀಟರ್. .22ರ ಒದೆತ ಕಡಿಮೆ, ಗುರಿ ಕಲಿಯುವವರಿಗೆ ಅದೇ ಸಲೀಸು. 12 ಬೋರ್ ಹೆಗಲಿಗೆ ಬಲವಾಗಿ ಒದೆಯುತ್ತದೆ.

.303 ಮಾತ್ರ ಈ ಆಯ್ಕೆಯಲ್ಲಿಲ್ಲ. ಅದು ಸೈನ್ಯದ ಗುಂಡು. ಜನರ ಕೈಗೆ ಸಿಗದಂತೆ ಬ್ರಿಟಿಷರೇ ತಡೆದಿದ್ದರು. ಆದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಕೊಟ್ಟದ್ದೂ ಅವರ ಆಡಳಿತವೇ, 1861ರಲ್ಲಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು.

ಹತ್ತು ವರ್ಷದ ಗಡುವಿನ ಈ ಹಕ್ಕು ಮುಂದೆಯೂ ಉಳಿಯಬೇಕಾದರೆ ಕೋವಿಯ ಅಳತೆಗಿಂತ ಹಿಡಿದ ಕೈಯ ಹಿಡಿತ ಮುಖ್ಯ. ಗುರಿ ತೆಂಗಿನಕಾಯಿಯ ಮೇಲೆಯೇ ಇರಲಿ.